ಅಡ್ಡಿಲ್ಲ ಅಂದ್ರೆ ಎಷ್ಟು?

ಎರಕದ ಕಬ್ಬಿಣಕ್ಕೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರೆ ಸಾಕು, ತನ್ನ ಜಾತಕ ತಾನೇ ಹೇಳಿಬಿಡುತ್ತದೆ. ಚೆನ್ನಾಗಿ ಬಂದ ಎಸ್‌ಜಿ ಐರನ್ (ಪೆಟ್ಟು ತಾಳುವ ಒಂದು ಜಾತಿಯ ಎರಕದ ಕಬ್ಬಿಣ) ಆದರೆ ದೇವಸ್ಥಾನದ ಗಂಟೆಯ ಹಾಗೆ ‘ಠಣ್’ ಅಂತ ಉದ್ದಕ್ಕೆ ಎಳೆಯುತ್ತದೆ. ಕೆಟ್ಟಿದ್ದರೆ ‘ಠಪ್’. ಒಡಕು ಮಡಕೆಗೆ ಬಡಿದ ಹಾಗೆ.

ಹನ್ನೊಂದು ವರ್ಷದ ಹಿಂದೆ, ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಬೆಳಗ್ಗೆ, ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಕುಕ್ಕರಗಾಲಲ್ಲಿ ಕೂತು ನಾನು ಇದೇ ಕೆಲಸ ಮಾಡುತ್ತಿದ್ದೆ. ಗಿರಾಕಿ ವಾಪಸ್ ಕಳಿಸಿದ ಮಾಲು. ಟ್ರ್ಯಾಕ್ಟರಿಗೆ ಹಾಕುವ ಬ್ರಾಕೆಟ್ಟುಗಳು, ಒಂದು ಲಾರಿ ತುಂಬ. ಅವರ ಕಡೆ ಫಿಟ್ ಮಾಡುವಾಗಲೇ ಎರಡು ಬಿರುಕು ಬಿಟ್ಟಿದ್ದವು. ಎರಡು ಬಿರುಕು ಬಿಟ್ಟರೆ ಉಳಿದವನ್ನು ಯಾರು ನಂಬುತ್ತಾರೆ? ಅಷ್ಟನ್ನೂ ಹೇರಿಕೊಂಡು ಬಂದಿತ್ತು ಲಾರಿ.

ಠಣ್, ಠಣ್, ಠಣ್, ಠಪ್, ಠಪ್, ಠಪ್.

ಕೆಟ್ಟವು ನಲವತ್ತಕ್ಕೂ ಜಾಸ್ತಿ. ಅವನ್ನೆಲ್ಲ ಒಂದು ಕಡೆ ಒಟ್ಟಿ ಮೈಮೇಲಿನ ಹೀಟ್ ನಂಬರ್, ಅಂದರೆ ಯಾವ ಸಲ ಕರಗಿಸಿದ ಕಬ್ಬಿಣ ಅನ್ನೋ ಗುರುತು, ನೋಡಿದೆ. ಎಲ್ಲಾ ಒಂದೇ ರಾತ್ರಿಯವು. ರಿಜಿಸ್ಟರ್ ತೆಗೆದು ನೋಡಿದರೆ ಆ ರಾತ್ರಿಯ ಶಿಫ್ಟು ನನ್ನದು. ರಿಮಾರ್ಕ್ಸ್ ಕಾಲಮ್ಮಿನಲ್ಲಿ ನನ್ನದೇ ಅಕ್ಷರ: ‘ಅಡ್ಡಿಲ್ಲ’.

ಈ ಬರಹ ಆ ಒಂದು ಪದದ ಬಗ್ಗೆ.

ಅದಕ್ಕಿಂತ ಮುಂಚೆ ಆಗಿನ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ತೀರ್ಥಹಳ್ಳಿ ಕಡೆಯ ಒಂದೂವರೆ ಎಕರೆ ಅಡಿಕೆ ತೋಟದ ಮನೆಯಿಂದ ಬಂದವನು. ಡಿಪ್ಲೊಮಾ ಮುಗಿಸಿ ಸೇರಿದ ನಾಲ್ಕನೇ ವರ್ಷಕ್ಕೆ ಶಿಫ್ಟ್ ಸೂಪರ್‌ವೈಸರ್ ಆದೆ. ಕೈಕೆಳಗೆ ಇಪ್ಪತ್ತಾರು ಜನ. ಅದರಲ್ಲಿ ಹದಿನೈದು ಜನ ನನಗಿಂತ ದೊಡ್ಡವರು. ಕೆಲವರು ಭದ್ರಾವತಿಯವರು. ಅಲ್ಲಿ ಊದುಕುಲುಮೆ ಹೊತ್ತಿಕೊಂಡದ್ದು 1923ರಲ್ಲಿ. ಆ ಊರಿನ ಎಷ್ಟೋ ಮನೆಗಳಲ್ಲಿ ಅಜ್ಜ, ಅಪ್ಪ, ಮಗ ಎಲ್ಲರೂ ಕಾದ ಕಬ್ಬಿಣ ನೋಡಿದವರೇ. ಲ್ಯಾಡಲ್‌ನಲ್ಲಿರುವ, ಅಂದರೆ ಕರಗಿದ ಕಬ್ಬಿಣ ಹೊರುವ ದೊಡ್ಡ ಪಾತ್ರೆಯಲ್ಲಿರುವ, ಮೆಟಲ್ಲಿನ ಬಣ್ಣ ನೋಡಿ ಡಿಗ್ರಿ ಹೇಳುವಂಥವರು. ಅವರ ಮುಂದೆ ನಾನೊಬ್ಬ ಇಪ್ಪತ್ತಾರರ ಹುಡುಗ, ಕೈಯಲ್ಲೊಂದು ಕ್ಲಿಪ್‌ಬೋರ್ಡು.

ಹೆದರಿಕೆ ಆಗದೆ ಇರುತ್ತಾ? ಆಯಿತು. ಹೆದರಿದವನು ಎರಡು ಕೆಲಸ ಮಾಡುತ್ತಾನೆ. ಪುಸ್ತಕ ಓದುತ್ತಾನೆ, ಇಲ್ಲಾ ಕೂಗಾಡುತ್ತಾನೆ. ನಾನು ಎರಡೂ ಮಾಡಿದೆ.

ಶಿವಮೊಗ್ಗದಲ್ಲಿ ಯಾವ ಪುಸ್ತಕದಂಗಡಿಗೆ ಹೋದರೂ ‘ಯಶಸ್ಸಿನ ಸೂತ್ರ’ಗಳಿಗೆ ಒಂದು ಕಪಾಟು ಇದ್ದೇ ಇರುತ್ತದೆ. ನಾಲ್ಕೈದು ತಂದೆ. ಬೆಳಗ್ಗೆ ನಾಲ್ಕೂವರೆಗೆ ಏಳಬೇಕು, ತಣ್ಣೀರು ಸ್ನಾನ ಮಾಡಬೇಕು, ಕನ್ನಡಿ ಮುಂದೆ ನಿಂತು ‘ನಾನು ನಾಯಕ’ ಅಂತ ಹೇಳಿಕೊಳ್ಳಬೇಕು. ಆಷಾಢದ ಮಲೆನಾಡಿನಲ್ಲಿ ನಾಲ್ಕೂವರೆಗೆ ತಣ್ಣೀರು ಸ್ನಾನ! ಆ ಪುಸ್ತಕ ಬರೆದ ಪುಣ್ಯಾತ್ಮ ಒಂದು ಸಲ ಆಗುಂಬೆಗೆ ಬರಬೇಕಿತ್ತು. ಹನ್ನೆರಡು ದಿನ ಮಾಡಿದೆ. ಹದಿಮೂರನೇ ದಿನ ಜ್ವರ. ರೂಮಿನ ಗೆಳೆಯ ‘ನಾಯಕರಿಗೆ ಗಂಜಿ ಮಾಡ್ಲಾ?’ ಅಂತ ಕೇಳಿದ.

ಕೂಗಾಟ ಮಾತ್ರ ಸುಲಭವಾಗಿ ಬಂತು. ಕೂಗಿದರೆ ಕೆಲಸ ಆಗುತ್ತಿತ್ತು ಕೂಡ. ಅದೇ ಅದರ ಮೋಸ. ಕೂಗಿದ ತಕ್ಷಣ ನಾಲ್ಕು ಜನ ಓಡುತ್ತಾರೆ, ಮೇಲಿನವರು ‘ಹುಡುಗ ಸ್ಟ್ರಿಕ್ಟ್ ಇದಾನೆ’ ಅನ್ನುತ್ತಾರೆ. ಕೂಗಿದ್ದರಿಂದ ಏನು ನಿಂತುಹೋಯಿತು ಅನ್ನೋದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಆ ರಾತ್ರಿ ಏನಾಯಿತು ಅಂತ ಹೇಳಬೇಕಾದರೆ ಎಸ್‌ಜಿ ಐರನ್ ಅಂದರೇನು ಅಂತ ನಾಲ್ಕು ಮಾತು ಬೇಕು. ಬೇಜಾರು ಮಾಡಿಕೊಳ್ಳಬೇಡಿ. ಸಾಧಾರಣ ಎರಕದ ಕಬ್ಬಿಣದೊಳಗೆ ಗ್ರಾಫೈಟು ಚಕ್ಕೆ ಚಕ್ಕೆಯಾಗಿ ಇರುತ್ತದೆ. ಜೋರಾಗಿ ಪೆಟ್ಟು ಬಿದ್ದರೆ ಆ ಚಕ್ಕೆಗಳ ಅಂಚಿನಿಂದಲೇ ಬಿರುಕು ಹುಟ್ಟುತ್ತದೆ. ಕರಗಿದ ಕಬ್ಬಿಣಕ್ಕೆ ಸ್ವಲ್ಪ ಮೆಗ್ನೀಸಿಯಂ ಸೇರಿಸಿದರೆ ಅದೇ ಗ್ರಾಫೈಟು ಚಕ್ಕೆ ಬಿಟ್ಟು ಗುಂಡಗಾಗುತ್ತದೆ. ಆಗ ಕಬ್ಬಿಣ ಪೆಟ್ಟು ತಾಳುತ್ತದೆ, ಬಗ್ಗುತ್ತದೆ. ನೂರು ಕಿಲೋ ಕಬ್ಬಿಣದಲ್ಲಿ ಕೊನೆಗೆ ಸುಮಾರು ನಲವತ್ತು ಗ್ರಾಂ ಮೆಗ್ನೀಸಿಯಂ ಉಳಿದರೆ ಸಾಕು, ಅಷ್ಟೇ. ಆದರೆ ಈ ಮೆಗ್ನೀಸಿಯಂ ನಿಲ್ಲುವ ಜಾತಿಯಲ್ಲ. ಲ್ಯಾಡಲ್‌ನಲ್ಲಿ ಹಾಕಿದ ಗಳಿಗೆಯಿಂದ ಹಾರಿಹೋಗಲು ಶುರು. ಸುಮಾರು ಹತ್ತು ನಿಮಿಷದೊಳಗೆ ಅಚ್ಚಿಗೆ ಹೊಯ್ದು ಮುಗಿಸಬೇಕು. ತಡವಾದರೆ ಆ ಮೆಟಲನ್ನು ಅಚ್ಚಿಗೆ ಹೊಯ್ಯಬಾರದು. ಬೇರೆ ತೊಟ್ಟಿಗೆ ಸುರಿದು ಗಟ್ಟಿ ಮಾಡಿ ಮತ್ತೆ ಕರಗಿಸಬೇಕು. ಇದಕ್ಕೆ ನಮ್ಮಲ್ಲಿ ‘ಪಿಗ್ ಮಾಡೋದು’ ಅನ್ನುತ್ತೇವೆ. ನಷ್ಟ ಅಂದರೆ ಸ್ವಲ್ಪ ಕರೆಂಟು, ಸ್ವಲ್ಪ ಟೈಮು.

ಅವತ್ತು ರಾತ್ರಿ ಮೆಗ್ನೀಸಿಯಂ ಹಾಕಿ, ಲ್ಯಾಡಲ್ ಎತ್ತಿ, ಕ್ರೇನು ಅರ್ಧ ದಾರಿಗೆ ಬಂದಾಗ ಕರೆಂಟು ಹೋಯಿತು. ಮಳೆಗಾಲ, ಹೋಗುತ್ತದೆ. ಹದಿನಾಲ್ಕು ನಿಮಿಷ ಅದು ಕತ್ತಲಲ್ಲಿ ಕೆಂಪಗೆ ತೂಗಾಡುತ್ತಾ ನಿಂತಿತ್ತು. ಕರೆಂಟು ಬಂತು. ಅವರು ಹೊಯ್ದರು. ನಾನು ಕ್ಯಾಬಿನ್ನಿನಲ್ಲಿ ಎಮರ್ಜೆನ್ಸಿ ಲೈಟಿನಡಿ ಪ್ರೊಡಕ್ಷನ್ ರಿಪೋರ್ಟ್ ತಿದ್ದುತ್ತಿದ್ದೆ. ಕರೆಂಟು ಬಂದಮೇಲೆ ಬಾಗಿಲಲ್ಲೇ ನಿಂತು ಕೇಳಿದೆ, ‘ಎಂಥ, ಎಲ್ಲಾ ಸರಿ ಇದ್ಯಾ?’

‘ಅಡ್ಡಿಲ್ಲ ಸರ್.’

ಬರೆದುಕೊಂಡೆ.

ಲ್ಯಾಬಿಗೆ ಹೋದ ಸ್ಯಾಂಪಲ್ ಅದರ ಹಿಂದಿನ ಲ್ಯಾಡಲ್‌ನದು. ಅದು ಪಾಸಾಯಿತು. ಮಾಲು ಹೋಯಿತು.

ಲಾರಿ ವಾಪಸ್ ಬಂದ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ಬೂಟು ನೋಡಿಕೊಂಡು ನಿಂತರು. ನಾನು ಇನ್ನೂ ಕೂಗಿದೆ. ಅವರು ಬೂಟನ್ನು ಇನ್ನೂ ಚೆನ್ನಾಗಿ ನೋಡಿದರು.

ಸಂಜೆ ಗೇಟಿನ ಹೊರಗೆ ಟೀ ಅಂಗಡಿಯಲ್ಲಿ ಒಬ್ಬರು ಪಕ್ಕಕ್ಕೆ ಬಂದು ಕೂತರು. ಎರಕ ಹೊಯ್ಯುವವರಲ್ಲಿ ಹಿರಿಯರು. ಎಲ್ಲರೂ ‘ಮಾವ’ ಅಂತಲೇ ಕರೆಯುತ್ತಿದ್ದರು, ಮ್ಯಾನೇಜರ್ ಕೂಡ. ಟೀಗೆ ಬನ್ನು ಅದ್ದುತ್ತಾ, ನನ್ನ ಮುಖ ನೋಡದೆ ಹೇಳಿದರು:

‘ಗೊತ್ತಿತ್ತು ಸರ್. ಅಲ್ಲಿದ್ದೋರಿಗೆಲ್ಲ ಗೊತ್ತಿತ್ತು. ಹಿಂದಿನ ದಿನ ಆ ಹುಡುಗ ಒಂದು ಲ್ಯಾಡಲ್ ಪಿಗ್ ಮಾಡಿದ್ದಕ್ಕೆ ನೀವು ಏನಂದ್ರಿ? ಇನ್ನೊಂದು ಪಿಗ್ ಆದ್ರೆ ಮನೆಗೆ ಹೋಗು ಅಂದ್ರಿ. ಈಗ ಹೇಳಿದ್ರೆ ಈಗ್ಲೇ ಬೈತೀರಿ. ಹೇಳದಿದ್ರೆ ಮುಂದಿನ ತಿಂಗಳು ಬೈತೀರಿ. ಮುಂದಿನ ತಿಂಗಳು ಯಾರ ಶಿಫ್ಟೋ ಏನೋ.’

ಲೆಕ್ಕ ಸರಿಯಾಗೇ ಇತ್ತು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆ ಬ್ರಾಕೆಟ್ಟುಗಳನ್ನು ಕೆಡಿಸಿದ್ದು ಕರೆಂಟೂ ಅಲ್ಲ, ಹೊಯ್ದವರೂ ಅಲ್ಲ. ಹಿಂದಿನ ದಿನದ ನನ್ನ ಒಂದು ಮಾತು.

ಈ ‘ಅಡ್ಡಿಲ್ಲ’ ಅನ್ನೋದು ನಮ್ಮ ಮಲೆನಾಡಿನ ಪದ. ಬೇರೆ ಕಡೆಯವರಿಗೆ ಇದರ ತೂಕ ಪೂರ್ತಿ ಗೊತ್ತಾಗುವುದಿಲ್ಲ. ಊಟ ಹೇಗಿತ್ತು? ಅಡ್ಡಿಲ್ಲ. ಮಗನಿಗೆ ನೋಡಿದ ಹುಡುಗಿ? ಅಡ್ಡಿಲ್ಲ. ಡಾಕ್ಟರು ಏನಂದ್ರು? ಅಡ್ಡಿಲ್ಲ. ತುಂಬ ಚೆನ್ನಾಗಿದೆ ಅನ್ನೋದರಿಂದ ಹಿಡಿದು ಪೂರ್ತಿ ಮುಳುಗಿದೆ ಅನ್ನೋವರೆಗೆ ಎಲ್ಲಾ ಇದರೊಳಗೆ ಹಿಡಿಸುತ್ತದೆ. ಹೇಳುವವನ ದನಿ, ಹುಬ್ಬು, ಎಲೆಅಡಿಕೆ ಯಾವ ದವಡೆಯಲ್ಲಿದೆ ಅನ್ನೋದನ್ನೆಲ್ಲ ನೋಡಿ ಅರ್ಥ ತಿಳಿಯಬೇಕು. ಒಳ್ಳೆಯ ಪದವೇ. ಎದುರಿಗಿರುವವನ ಮನಸ್ಸಿಗೆ ನೋವಾಗಬಾರದು ಅಂತ ಹುಟ್ಟಿದ ಪದ. ಮನೆಯಿಂದ ಮನೆಗೆ ಮೈಲಿ ದೂರ, ನಡುವೆ ಕಾಡು. ಇರುವ ನಾಲ್ಕು ಜನರ ಜೊತೆ ಮುಖ ಕೆಡಿಸಿಕೊಂಡರೆ ಮಳೆಗಾಲ ಕಳೆಯುವುದು ಹೇಗೆ? ನಾವು ಹೀಗೆ ಮಾತಾಡಲು ಕಲಿತದ್ದು ಇದಕ್ಕೇ ಇರಬೇಕು. ಇದು ನನ್ನ ಊಹೆ.

ಆದರೆ ಲ್ಯಾಡಲ್‌ನಲ್ಲಿ ಮೆಗ್ನೀಸಿಯಂ ಹಾರಿಹೋಗುತ್ತಿರುವಾಗ ಈ ಪದ ಕೆಲಸಕ್ಕೆ ಬಾರದು.

ತೋಟದಲ್ಲೂ ಬಾರದು. ಅದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು, ಆದರೆ ಗೊತ್ತಿದೆ ಅಂತ ಗೊತ್ತಿರಲಿಲ್ಲ.

ಆ ವಾರ ರಜೆ ಹಾಕಿ ಊರಿಗೆ ಹೋದೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಬಸ್ಸಿನ ಕಿಟಕಿಯಾಚೆ ತುಂಗೆ ಕೆಂಪಗೆ ಏರಿದ್ದಳು. ಮಾರನೇ ದಿನ ಬೆಳಗ್ಗೆ ಅಪ್ಪಯ್ಯನ ಹಿಂದೆ ತೋಟಕ್ಕೆ ಇಳಿದೆ. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲೊಂದು ಕತ್ತಿ. ಮಳೆಗಾಲದಲ್ಲಿ ಅಪ್ಪಯ್ಯ ತೋಟದೊಳಗೆ ಮೇಲೆ ನೋಡಿಕೊಂಡು ನಡೆಯುವುದಿಲ್ಲ, ಕೆಳಗೆ ನೋಡಿಕೊಂಡು ನಡೆಯುತ್ತಾನೆ. ಪ್ರತಿ ಮರದ ಬುಡ. ಉದುರಿದ ಕಾಯಿ ಸಿಕ್ಕರೆ ಎತ್ತಿ ತೊಟ್ಟಿನ ಹತ್ತಿರ ಹೆಬ್ಬೆರಳು ಒತ್ತುತ್ತಾನೆ. ಸುಮ್ನೆ ಉದುರಿದ್ದಾದರೆ ಗಟ್ಟಿ ಇರುತ್ತದೆ. ಕೊಳೆ ತಗುಲಿದ್ದಾದರೆ ಅಲ್ಲಿ ಕಡುಹಸಿರು, ನೀರು ಕುಡಿದ ಹಾಗೆ ಮಾಸಲು ಕಲೆ. ಎರಡು ದಿನ ಬಿಟ್ಟರೆ ಅದರ ಮೇಲೆ ಬಿಳಿ ಬೂಷ್ಟು.

ಈ ಕೊಳೆರೋಗದ ಬೆನ್ನು ಹತ್ತಿದ್ದು ಕೆನಡಾದಿಂದ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ, ಮಲೆನಾಡಿನ ಮಳೆಯಲ್ಲಿ ಅಡಿಕೆ ತೋಟ ಸುತ್ತಿ, 1910ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು. ಕಾರಣ ದೇವರ ಸಿಟ್ಟೂ ಅಲ್ಲ, ದೃಷ್ಟಿಯೂ ಅಲ್ಲ, ಫೈಟಾಫ್ತೊರಾ ಅನ್ನುವ ಬೂಷ್ಟಿನ ಜಾತಿಯ ಜೀವಿ. ಮಳೆಹನಿಯ ಜೊತೆ ಸಿಡಿದು ಕೊನೆಯಿಂದ ಕೊನೆಗೆ, ಅಂದರೆ ಒಂದು ಅಡಿಕೆ ಗೊನೆಯಿಂದ ಇನ್ನೊಂದಕ್ಕೆ, ಹೋಗುತ್ತದೆ. ಇವತ್ತಿಗೂ ನಮ್ಮ ಮದ್ದು ಬೋರ್ಡೋ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಮಿಶ್ರಣಕ್ಕೆ ಹೊಳೆಯುವ ಚಾಕು ಅದ್ದಿ ತೆಗೆದಾಗ ಅಲಗು ಕೆಂಪಗಾದರೆ ತುತ್ತ ಜಾಸ್ತಿ ಆಗಿದೆ, ಇನ್ನಷ್ಟು ಸುಣ್ಣ ಬೇಕು.

ಆದರೆ ಮದ್ದು ಎಷ್ಟು ಚೆನ್ನಾಗಿದ್ದರೂ ಮೊದಲ ಕಾಯಿ ಉದುರಿದ ಸುದ್ದಿ ಬೇಗ ಸಿಗಬೇಕು. ಒಂದು ಕೊನೆಯಲ್ಲಿದ್ದಾಗ ಗೊತ್ತಾದರೆ ಆ ಕೊನೆ ಇಳಿಸಿ ಸುಡಬಹುದು, ಸುತ್ತಲಿನ ಮರಕ್ಕೆ ಮದ್ದು ಹೊಡೆಯಬಹುದು. ಹತ್ತು ದಿನ ತಡವಾದರೆ ಕಾಯಿ ಗುಡಿಸಿ ಗುಂಡಿಗೆ ಹಾಕುವುದಷ್ಟೇ ಕೆಲಸ.

ಅವತ್ತು ಹಳ್ಳದ ಬದಿಯಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸು ಅಪ್ಪಯ್ಯನನ್ನು ನೋಡಿ ಕೂಗಿ ಹೇಳಿದಳು, ‘ಅಯ್ಯಾ, ಇಲ್ಲಿ ನಾಕು ಬಿದ್ದಾವೆ, ಲಾಯಕ್ ಕಾಣಲ್ಲ.’ ಅಪ್ಪಯ್ಯ ಕಾಯಿ ಎತ್ತಿ ಒತ್ತಿ ನೋಡಿದ. ಕೊಳೆಯೇ. ನನಗೆ ಎದೆ ಧಸಕ್ ಅಂತು. ಅಪ್ಪಯ್ಯ ಅಂದಿದ್ದು ಇಷ್ಟೇ: ‘ಹೌದನ? ಯಾವಾಗ ಕಂಡೆ? ಒಳ್ಳೇದಾಯ್ತು ಹೇಳಿದ್ದು.’ ಮುಖದಲ್ಲಿ ಏನೂ ಇಲ್ಲ. ವರ್ಷದ ದುಡ್ಡಿನ ಪ್ರಶ್ನೆ, ಆದರೂ ಅವನ ಬಾಯಿಂದ ಬಂದ ಮೊದಲ ಮಾತು ‘ಒಳ್ಳೇದಾಯ್ತು’.

ಹೀಗೆ ಬರೆದ ಕೂಡಲೇ ನೀವು ‘ಓಹೋ, ರೈತನಿಂದ ಕಲಿತ ಮ್ಯಾನೇಜ್‌ಮೆಂಟ್ ಪಾಠ’ ಅಂತ ಮೂಗು ಮುರಿಯಬಹುದು. ನನಗೂ ಅಂಥ ಬರಹ ಆಗುವುದಿಲ್ಲ. ನಮ್ಮ ಅಪ್ಪಯ್ಯ ಬೇರೆ ಎಷ್ಟೋ ವಿಷಯದಲ್ಲಿ ಮಹಾ ಮುಂಗೋಪಿ. ಬ್ಯಾಂಕಿನ ಕಾಗದ ಬಂದರೆ ಮನೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ. ಆದರೆ ಉದುರಿದ ಕಾಯಿಯ ವಿಷಯದಲ್ಲಿ ಮಾತ್ರ ಅವನು ಎಂದೂ ಬೈದವನಲ್ಲ. ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ ಅಂತ ಅವನಿಗೆ ಗೊತ್ತು. ಅದು ಒಳ್ಳೆಯತನ ಅಲ್ಲ, ಲೆಕ್ಕ. ಟೀ ಅಂಗಡಿಯಲ್ಲಿ ಮಾವ ಹೇಳಿದ್ದೂ ಅದೇ ಲೆಕ್ಕ, ಇನ್ನೊಂದು ಬದಿಯಿಂದ.

ವಾಪಸ್ ಬಂದಮೇಲೆ ಹೊಸ ಪುಸ್ತಕ ತರಲಿಲ್ಲ. ಒಂದು ಸಣ್ಣ ನೋಟುಬುಕ್ಕು ತಂದೆ. ಪ್ರತಿ ದಿನ ಒಂದೇ ಲೆಕ್ಕ ಬರೆಯುವುದು: ಇವತ್ತು ನಾನು ಕೇಳದೆ ಎಷ್ಟು ಕೆಟ್ಟ ಸುದ್ದಿ ನನ್ನ ಹತ್ತಿರ ಬಂತು? ಮೊದಲ ಹತ್ತು ದಿನ ಸೊನ್ನೆ. ಫೌಂಡ್ರಿಯಲ್ಲಿ ಹತ್ತು ದಿನ ಒಂದೂ ತಪ್ಪಾಗದೆ ಇರುತ್ತಾ? ಮಳೆಗಾಲದಲ್ಲಿ ಮರಳಿನ ತೇವ ಒಂದು ಚೂರು ಏರಿದರೂ ಎರಕದಲ್ಲಿ ಗಾಳಿಗುಳ್ಳೆ ಬರುತ್ತದೆ. ತಪ್ಪು ಆಗುತ್ತಲೇ ಇತ್ತು. ನನ್ನ ಕಿವಿಯವರೆಗೆ ಬರುತ್ತಿರಲಿಲ್ಲ ಅಷ್ಟೇ.

ಕೂಗುವುದನ್ನು ಬಿಡುತ್ತೇನೆ ಅಂತ ತೀರ್ಮಾನ ಮಾಡಿದರೆ ಕೂಗು ಬಿಡುವುದಿಲ್ಲ. ನಾಲಿಗೆಗೆ ಬೇರೆ ಏನಾದರೂ ಕೆಲಸ ಕೊಡಬೇಕು. ನಾನು ಕಂಡುಕೊಂಡ ಉಪಾಯ ನೀರು. ಸೊಂಟಕ್ಕೆ ಒಂದು ಸಣ್ಣ ಬಾಟಲಿ ಕಟ್ಟಿಕೊಂಡೆ. ಯಾರಾದರೂ ‘ಸರ್, ಒಂದು ಪ್ರಾಬ್ಲಂ’ ಅಂದರೆ ಮುಚ್ಚಳ ತಿರುಗಿಸಿ, ನಾಲ್ಕು ಗುಟುಕು ಕುಡಿದು, ಮುಚ್ಚಳ ಹಾಕಿ, ಆಮೇಲೆ ಬಾಯಿ ಬಿಡುವುದು. ಇಪ್ಪತ್ತು ಸೆಕೆಂಡು. ನಗಬೇಡಿ. ನನ್ನ ಹತ್ತು ಹದಿನೈದು ವರ್ಷದ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಅಭ್ಯಾಸ ಇನ್ನೊಂದಿಲ್ಲ. ಫರ್ನೇಸ್ ಹತ್ತಿರ ನಿಂತವನು ನೀರು ಕುಡಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಅದೊಂದು ಅನುಕೂಲ. ವರ್ಷಗಟ್ಟಲೆ ಹುಡುಗರು ನನಗೆ ಬಾಯಾರಿಕೆ ಜಾಸ್ತಿ ಅಂದುಕೊಂಡಿದ್ದರು. ಒಬ್ಬ ಪಾಪದ ಹುಡುಗ ‘ಸರ್, ಒಂದ್ಸಲ ಶುಗರ್ ಚೆಕ್ ಮಾಡಿಸಿ’ ಅಂತಲೂ ಅಂದ.

ಎರಡನೆಯದು, ಪ್ರಶ್ನೆ ಬದಲಾಯಿಸಿದ್ದು. ‘ಯಾರು ಮಾಡಿದ್ದು?’ ಅನ್ನೋದರ ಬದಲು ಅಪ್ಪಯ್ಯನ ಪ್ರಶ್ನೆ: ‘ಯಾವಾಗ ಕಂಡಿದ್ದು?’ ಯಾರು ಅಂತ ಕೇಳಿದರೆ ಎಲ್ಲರೂ ಬೂಟು ನೋಡುತ್ತಾರೆ. ಯಾವಾಗ ಅಂತ ಕೇಳಿದರೆ ಗಡಿಯಾರ ನೋಡುತ್ತಾರೆ. ಉತ್ತರ ಬರುತ್ತದೆ. ಯಾರು ಅನ್ನೋದು ಐದು ನಿಮಿಷದಲ್ಲಿ ತಾನಾಗೇ ಹೊರಗೆ ಬರುತ್ತದೆ. ಎಷ್ಟೋ ಸಲ ಅದು ಯಾರೂ ಅಲ್ಲ, ಸವೆದ ಒಂದು ಬೇರಿಂಗು.

ಮೂರನೆಯದು ನನಗೆ ತುಂಬ ಕಷ್ಟವಾಗಿದ್ದು. ಶಿಫ್ಟ್ ಶುರುವಾಗುವಾಗ ಎರಡು ನಿಮಿಷ ಎಲ್ಲರೂ ನಿಲ್ಲುತ್ತೇವೆ. ಅಲ್ಲಿ ಮೊದಲು ನನ್ನ ತಪ್ಪು ಹೇಳುವುದು. ಮೊದಲ ದಿನ ಹೇಳಿದ್ದು ಆ ಬ್ರಾಕೆಟ್ಟಿನದ್ದೇ: ‘ಆವತ್ತು ಆ ಮೆಟಲ್ ಹೊಯ್ಯೋ ಹಾಗೆ ಮಾಡಿದ್ದು ನಾನು. ಕ್ಯಾಬಿನ್ ಬಿಟ್ಟು ಕೆಳಗೆ ಬರಬೇಕಿತ್ತು, ಬರಲಿಲ್ಲ.’ ಗಂಟಲು ಒಣಗಿತ್ತು, ಬಾಟಲಿ ಮುಚ್ಚಳ ತೆಗೆಯಲು ಕೈ ನಡುಗುತ್ತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾವ ಕೆಮ್ಮಿದರು. ‘ನಡೀರಿ, ನಡೀರಿ, ಮೆಟಲ್ ರೆಡಿ’ ಅಂದರು. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಮರಳಿನ ಮಿಕ್ಸರ್ ನೋಡಿಕೊಳ್ಳುವವನು ಬಂದು, ‘ಸರ್, ನಿನ್ನೆ ನೀರು ಸ್ವಲ್ಪ ಜಾಸ್ತಿ ಬಿಟ್ಟಿದ್ದೆ’ ಅಂದ. ಮುಚ್ಚಳ ತಿರುಗಿಸಿ ನಾಲ್ಕು ಗುಟುಕು. ‘ಯಾವಾಗ ಗೊತ್ತಾಯ್ತು? ಒಳ್ಳೇದಾಯ್ತು ಹೇಳಿದ್ದು.’ ನೋಟುಬುಕ್ಕಿನಲ್ಲಿ ಒಂದು ಗೀಟು ಬಿತ್ತು.

ಆಮೇಲೆ ಬಂದದ್ದು ‘ಅಡ್ಡಿಲ್ಲ’ದ ನಿಯಮ. ಈ ಪದವನ್ನು ನಿಷೇಧ ಮಾಡಲು ಆಗುವುದಿಲ್ಲ, ಮಲೆನಾಡಿನವನ ಬಾಯಿಗೆ ಬೀಗ ಹಾಕಿದ ಹಾಗೆ ಆಗುತ್ತದೆ. ಅದಕ್ಕೆ ಒಂದು ಬಾಲ ಸೇರಿಸಿದೆವು. ಯಾರು ‘ಅಡ್ಡಿಲ್ಲ’ ಅಂದರೂ ಎದುರಿಗಿದ್ದವರು ‘ಅಡ್ಡಿಲ್ಲ ಅಂದ್ರೆ ಎಷ್ಟು?’ ಅಂತ ಕೇಳಬೇಕು. ಉತ್ತರ ಅಂಕಿಯಲ್ಲಿ ಬರಬೇಕು. ಎಷ್ಟು ನಿಮಿಷ, ಎಷ್ಟು ಡಿಗ್ರಿ, ಎಷ್ಟು ಪೀಸು. ನನಗೂ ಕೇಳಬಹುದು. ಮೊದಮೊದಲು ತಮಾಷೆಗೆ ಕೇಳುತ್ತಿದ್ದರು. ಕ್ಯಾಂಟೀನಿನಲ್ಲಿ ‘ಸಾಂಬಾರು ಅಡ್ಡಿಲ್ಲ’ ಅಂದರೆ ‘ಎಷ್ಟು?’ ‘ಮೂರು ತೊಗರಿಬೇಳೆ!’ ತಮಾಷೆ ಆದದ್ದು ಒಳ್ಳೆಯದೇ ಆಯಿತು. ಗಂಭೀರವಾಗಿ ಜಾರಿಗೆ ತಂದಿದ್ದರೆ ಸತ್ತೇಹೋಗುತ್ತಿತ್ತು.

ಇದೆಲ್ಲ ನಾನೇ ಕಂಡುಹಿಡಿದೆ ಅಂತ ಒಂದಷ್ಟು ದಿನ ಬೀಗುತ್ತಿದ್ದೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು, ಜಪಾನಿನ ಸಾಕಿಚಿ ಟೊಯೊಡ 1924ರಲ್ಲೇ ಒಂದು ಮಗ್ಗ ತಯಾರು ಮಾಡಿದ್ದರು. ನೂಲು ಹರಿದರೆ ಮಗ್ಗ ತಾನಾಗೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯುತ್ತಾ ಹೋಗುವುದಕ್ಕಿಂತ ನಿಲ್ಲುವುದು ಮೇಲು. ಅವರ ಮಗ ಶುರು ಮಾಡಿದ ಕಾರು ಕಾರ್ಖಾನೆಯಲ್ಲೂ ಅದೇ ಬುದ್ಧಿ ಮುಂದುವರಿಯಿತು. ತಪ್ಪು ಕಂಡವನು ಹಗ್ಗ ಎಳೆಯುತ್ತಾನೆ, ದೀಪ ಹೊತ್ತುತ್ತದೆ, ಮೇಲಿನವನು ಅವನ ಹತ್ತಿರ ಓಡಿ ಬರುತ್ತಾನೆ. ಅಲ್ಲಿ ಓಡುವವನು ಮೇಲಿನವನು. ನಮ್ಮಲ್ಲಿ ಕೆಳಗಿನವನನ್ನು ಕ್ಯಾಬಿನ್ನಿಗೆ ಕರೆಸುತ್ತೇವೆ.

ಇನ್ನೊಂದು ಓದಿದ್ದು ತುಂಬ ದಿನ ತಲೆಯಲ್ಲಿ ಉಳಿಯಿತು. 1990ರ ದಶಕದಲ್ಲಿ ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಂತ ಅವರ ಎಣಿಕೆ. ಲೆಕ್ಕ ತೆಗೆದರೆ ಅಂಥ ತಂಡಗಳಲ್ಲೇ ತಪ್ಪು ಜಾಸ್ತಿ! ಆಮೇಲೆ ತಿಳಿದದ್ದೇನೆಂದರೆ, ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು. ಇದನ್ನು ಓದಿದಾಗ ನನ್ನ ನೋಟುಬುಕ್ಕು ನೆನಪಾಯಿತು. ಮೊದಲ ಹತ್ತು ದಿನದ ಸೊನ್ನೆಗಳು.

ನಮ್ಮಲ್ಲೂ ಹಾಗೇ ಆಯಿತು, ಮತ್ತು ಅದಕ್ಕೆ ಬೆಲೆ ಕೊಟ್ಟೆ. ಆರು ತಿಂಗಳಲ್ಲಿ ನನ್ನ ಶಿಫ್ಟಿನಲ್ಲಿ ಪಿಗ್ ಮಾಡಿದ ಲ್ಯಾಡಲ್ಲುಗಳು ಬೇರೆ ಶಿಫ್ಟಿಗಿಂತ ಜಾಸ್ತಿ. ಒಳಗೇ ರಿಜೆಕ್ಟ್ ಆದ ಪೀಸುಗಳೂ ಜಾಸ್ತಿ. ರಿವ್ಯೂ ಮೀಟಿಂಗಿನಲ್ಲಿ ಪರದೆಯ ಮೇಲೆ ನನ್ನ ಶಿಫ್ಟಿನ ಗೆರೆ ಕೆಂಪಗೆ ಮೇಲೆ. ಆ ವರ್ಷ ಇಂಕ್ರಿಮೆಂಟು ಕಡಿಮೆ ಬಂತು. ಗಿರಾಕಿಯಿಂದ ವಾಪಸ್ ಬರುವುದು ಕಡಿಮೆಯಾಗಿದೆ ಅಂತ ತೋರಿಸಲು ಇನ್ನೊಂದು ವರ್ಷ ಬೇಕಾಯಿತು. ಆ ವರ್ಷ ಪೂರ್ತಿ ನನಗೆ ಅನುಮಾನ, ನಾನು ಮೆತ್ತಗಾಗಿಬಿಟ್ಟೆನಾ ಅಂತ. ಲೀಡರ್‌ಶಿಪ್ ಬಗ್ಗೆ ಬರೆಯುವವರು ಈ ನಡುವಿನ ವರ್ಷದ ಬಗ್ಗೆ ಯಾಕೆ ಬರೆಯುವುದಿಲ್ಲವೋ. ಅಭ್ಯಾಸ ಶುರು ಮಾಡಿದ ದಿನ ಇರುತ್ತದೆ, ಗೆದ್ದ ದಿನ ಇರುತ್ತದೆ. ನಡುವೆ ಮನೆಯಲ್ಲಿ ‘ಯಾಕ್ರೀ ಈ ಸಲ ಇಷ್ಟೇ ಬಂತು?’ ಅಂತ ಕೇಳಿಸಿಕೊಂಡ ದಿನ ಇರುವುದಿಲ್ಲ.

ಮೆತ್ತಗೆ ಆಗಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಒಬ್ಬನನ್ನು ಕೆಲಸದಿಂದ ತೆಗೆಯಬೇಕು ಅಂತ ನಾನೇ ಬರೆದುಕೊಟ್ಟದ್ದೂ ಇದೆ. ಅವನು ತಪ್ಪು ಮಾಡಿದ್ದಕ್ಕಲ್ಲ. ಬಿರುಕಿಗೆ ಪುಟ್ಟಿ ಮೆತ್ತಿ ಪೇಂಟು ಹೊಡೆದಿದ್ದ. ಆ ಪೀಸು ಒಂದು ಗಾಡಿಯ ಬ್ರೇಕಿನ ಹತ್ತಿರ ಕೂರುವಂಥದ್ದು. ಅಲ್ಲಿ ನೀರು ಕುಡಿಯುವ ಪ್ರಶ್ನೆ ಬರಲಿಲ್ಲ. ಹೇಳಿದವನನ್ನು ಬೈಯಬಾರದು, ಮುಚ್ಚಿದವನನ್ನು ಬಿಡಬಾರದು. ಎರಡೂ ಒಟ್ಟಿಗೆ ಇದ್ದರೇ ಹುಡುಗರು ನಂಬುತ್ತಾರೆ.

ಮಾವ ಮೂರು ವರ್ಷದ ಹಿಂದೆ ರಿಟೈರ್ ಆದರು. ಕೊನೇ ದಿನ ಹಾರ ಹಾಕಿ ಎರಡು ಮಾತಾಡಿ ಅಂದರೆ ಮೈಕ್ ಹಿಡಿದು ‘ಅಡ್ಡಿಲ್ಲ’ ಅಂದರು. ಇಡೀ ಶೆಡ್ಡು ಒಟ್ಟಿಗೆ ಕೂಗಿತು: ‘ಎಷ್ಟು?’ ಮಾವ ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಮೂವತ್ತೊಂದು ವರ್ಷ, ಎರಡು ಬೆರಳಿನ ತುದಿ’ ಅಂದರು. ಎಡಗೈ ಎತ್ತಿ ತೋರಿಸಿದರು.

ಇಷ್ಟೆಲ್ಲ ಬರೆದಮೇಲೆ ಇದನ್ನೂ ಬರೆಯದಿದ್ದರೆ ತಪ್ಪಾಗುತ್ತದೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಊರಿಗೆ ಹೋಗಿದ್ದೆ. ಅಂಗಳದಲ್ಲಿ ಅಪ್ಪಯ್ಯ ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತಿದ್ದ ಹಾಗೆ ಕಂಡಿತು. ಏನಾಯ್ತು ಅಂದರೆ ‘ಎಂಥದೂ ಇಲ್ಲ ಮಾರಾಯ, ಅಡ್ಡಿಲ್ಲ’ ಅಂದ. ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದೆ. ಅಮ್ಮ ಒಲೆ ಕಡೆ ತಿರುಗಿಕೊಂಡೇ ಹೇಳಿದಳು. ಜುಲೈಯಲ್ಲಿ ಹಳ್ಳದ ಬದಿ ಪಾಚಿ ಮೇಲೆ ಜಾರಿ ಬಿದ್ದನಂತೆ. ಒಂದು ತಾಸು ಅಲ್ಲೇ ಕೂತಿದ್ದನಂತೆ. ಆಮೇಲೆ ನಾಟಿ ಮದ್ದು, ಎಣ್ಣೆ, ಅಷ್ಟೇ.

‘ನಂಗೆ ಯಾಕೆ ಹೇಳ್ಲಿಲ್ಲ?’

‘ನೀನು ಬೈತೀಯಲ್ಲಾ. ಒಬ್ಬನೇ ತೋಟಕ್ಕೆ ಇಳಿಬೇಡ ಅಂತ ಹೋದ ಸಲ ಎಷ್ಟು ಕೂಗಾಡಿದ್ದೆ ನೆನಪಿಲ್ವಾ? ಅವನಿಗೆ ಹೇಳಬೇಡ ಅಂತ ಅವರೇ ಅಂದಿದ್ದು.’

ಫೌಂಡ್ರಿಯಲ್ಲಿ ಇಪ್ಪತ್ತಾರು ಜನರ ಮುಂದೆ ಹತ್ತು ವರ್ಷ ಕಾಪಾಡಿಕೊಂಡ ಅಭ್ಯಾಸ ಮಂಡಗದ್ದೆ ದಾಟಿ ಈಚೆ ಬಂದಿರಲೇ ಇಲ್ಲ. ಬಾಟಲಿ ಬೈಕಿನ ಬ್ಯಾಗಿನಲ್ಲಿತ್ತು.

ಬಾಯಿಗೆ ಬಂದದ್ದು ಹಳೇ ಮಾತುಗಳೇ. ಎಷ್ಟು ಸಲ ಹೇಳಬೇಕು, ವಯಸ್ಸೆಷ್ಟಾಯ್ತು, ಹೀಗೆ. ಅಮ್ಮ ಒಲೆ ಪಕ್ಕದ ಹಂಡೆಯಿಂದ ಒಂದು ಲೋಟ ಬಿಸಿನೀರು ಬಗ್ಗಿಸಿ ಕೈಗೆ ಕೊಟ್ಟಳು. ಅವಳಿಗೆ ನನ್ನ ಬಾಟಲಿ ಕಥೆ ಗೊತ್ತಿಲ್ಲ. ಹೊರಗಿಂದ ಬಂದವರಿಗೆ ಕೊಡುವ ಹಾಗೆ ಕೊಟ್ಟಳು. ಕುಡಿದೆ. ನಾಲ್ಕು ಗುಟುಕಲ್ಲ, ಪೂರ್ತಿ ಲೋಟ.

ಜಗುಲಿಗೆ ಬಂದು ಅಪ್ಪಯ್ಯನ ಪಕ್ಕ ಕೂತೆ. ಅವನು ಎಲೆಗೆ ಸುಣ್ಣ ಸವರುತ್ತಿದ್ದ.

‘ಅಪ್ಪಯ್ಯ, ಕಾಲು ಹೇಗಿದೆ?’

‘ಅಡ್ಡಿಲ್ಲ.’

‘ಅಡ್ಡಿಲ್ಲ ಅಂದ್ರೆ ಎಷ್ಟು?’

ಅವನು ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಬೈಯುತ್ತಾನೋ ಇಲ್ಲವೋ ಅಂತ ನೋಡುವ ನೋಟ ಅದು. ಅಂಥ ನೋಟ ನಾನು ಫೌಂಡ್ರಿಯಲ್ಲಿ ಎಷ್ಟೋ ನೋಡಿದ್ದೇನೆ, ಮನೆಯಲ್ಲಿ ನೋಡಿರಲಿಲ್ಲ.

ಎಲೆ ಮಡಚಿ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಅಗಿದು, ತೋಟದ ಕಡೆ ನೋಡುತ್ತಾ ಹೇಳಿದ:

‘ಮೇಲಿನ ತೋಟಕ್ಕೆ ಹೋಗಿಬರ್ತೀನಿ. ಹಳ್ಳದ ಬದಿಗೆ ಇಳಿದು ಎರಡು ತಿಂಗಳಾಯ್ತು. ಅಲ್ಲಿ ಎಷ್ಟು ಉದುರಿದೆಯೋ ನೋಡಿಲ್ಲ.’